ತುಳಿದವರೇ ಉಳಿಸಿಕೊಂಡರು

ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಒಂದು ಹಳೆಯ ಚರ್ಚಿದೆ. ದರಿಯಾ ದೌಲತ್ ನೋಡಲು, ಸಂಗಮದಲ್ಲಿ ಮೀಯಲು, ನಿಮಿಷಾಂಬೆಗೆ ಹಣ್ಣುಕಾಯಿ ಮಾಡಿಸಲು ಹೋಗುವ ನಮ್ಮ ಜನ ಅದರ ಕಡೆ ಹೆಚ್ಚು ತಿರುಗಿ ನೋಡುವುದಿಲ್ಲ. ಅಬ್ಬೆ ದುಬುವಾ ಚರ್ಚು ಎಂದು ಅದರ ಹೆಸರು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಬಳಿಕ, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಇಲ್ಲಿಗೆ ಬಂದವರು ಫ್ರೆಂಚ್ ಪಾದ್ರಿ ಜಾನ್ ಆಂತ್ವಾನ್ ದುಬುವಾ. ತಲೆಗೆ ರುಮಾಲು, ಮೈಗೆ ನಿಲುವಂಗಿ, ಕೈಯಲ್ಲಿ ಬಿದಿರುಕೋಲು. ಊಟ, ಉಡುಗೆ, ನಡೆ, ನುಡಿ ಎಲ್ಲವೂ ಈ ಸೀಮೆಯವರ ಹಾಗೆ. ಜನ ಅವರನ್ನು ದೊಡ್ಡ ಸ್ವಾಮಿಗಳು ಎಂದು ಕರೆದರು. ಸಿಡುಬಿನ ಲಸಿಕೆ ಹೊಸದಾಗಿ ಬಂದಾಗ 25 ಸಾವಿರಕ್ಕೂ ಹೆಚ್ಚು ಜನಕ್ಕೆ ಅದನ್ನು ಹಾಕಿಸಿದ ಕೀರ್ತಿ ಅವರದು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಮೂಲಕ ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡುಕೊಂಡಿತು. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ಕೊಂಡೊಯ್ದವರಲ್ಲಿ ಅವರೂ ಒಬ್ಬರು.

ಇಷ್ಟೆಲ್ಲ ಮಾಡಿದ ಆ ಹಿರಿಯರು ಶ್ರೀರಂಗಪಟ್ಟಣದ ಕ್ರೈಸ್ತರ ಬಗ್ಗೆ ಬರೆದ ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳ ಪುಸ್ತಕದಲ್ಲಿ ಅದು ಇದೆ. 1784ರಲ್ಲಿ ಟಿಪ್ಪು ಕೆನರಾದಿಂದ, ಅಂದರೆ ಮಂಗಳೂರು ಸೀಮೆಯಿಂದ, ಸೆರೆಹಿಡಿದು ತಂದ 60 ಸಾವಿರ ಕ್ರೈಸ್ತರಲ್ಲಿ ತನ್ನ ಧರ್ಮಕ್ಕಾಗಿ ಪ್ರಾಣ ಕೊಡುವ ಎದೆಗಾರಿಕೆ ಒಬ್ಬನಿಗೂ ಇರಲಿಲ್ಲ, ಎಲ್ಲರೂ ಸಾರಾಸಗಟಾಗಿ ತಲೆಬಾಗಿ ಮತಾಂತರಕ್ಕೆ ಒಪ್ಪಿಕೊಂಡರು, ಇದು ನಾಚಿಕೆಗೇಡು ಎಂದು ದುಬುವಾ ಬರೆದಿದ್ದಾರೆ. ಅದೇ ಪುಟದಲ್ಲಿ ಇನ್ನೊಂದು ಸಂಗತಿಯೂ ಇದೆ. ಟಿಪ್ಪು ಮಡಿದ ಮೇಲೆ ಅವರಲ್ಲಿ ಬಹಳಷ್ಟು ಜನ ಹಿಂತಿರುಗಿ ಬಂದರು. ನಾವು ಬಿಟ್ಟದ್ದು ಹೊರಗಿನ ತೋರಿಕೆಗೆ ಮಾತ್ರ, ಒಳಗೆ ಯೇಸುವನ್ನು ಇಟ್ಟುಕೊಂಡೇ ಇದ್ದೆವು ಎಂದರು. ಸುಮಾರು 2,000 ಜನ ಸ್ವತಃ ದುಬುವಾ ಅವರಲ್ಲಿಗೇ ಬಂದರು. ಸುಮಾರು 20 ಸಾವಿರ ಜನ ಮಂಗಳೂರು ಸೀಮೆಗೆ ಮರಳಿ, ಕೆಡವಿದ್ದ ಚರ್ಚುಗಳನ್ನು ಮತ್ತೆ ಕಟ್ಟಿದರು. ಈ ಎರಡು ಸಂಗತಿಗಳ ನಡುವೆ ಏನಾಯಿತು ಎಂಬುದನ್ನು ದುಬುವಾ ಸ್ವಾಮಿಗಳು ವಿಚಾರಿಸಲಿಲ್ಲ. ಗುರುಗಳಿಲ್ಲದೆ, ಗುಡಿಯಿಲ್ಲದೆ, ಬೇರೆ ಹೆಸರಿನಲ್ಲಿ 15 ವರ್ಷ ಬದುಕಿದವರು ಮರಳಿ ಬಂದು ನಾವು ಇಂಥವರು ಎಂದು ಹೇಳಿಕೊಂಡದ್ದಾದರೂ ಹೇಗೆ?

ಈ ಪ್ರಶ್ನೆಗೆ ಶ್ರೀರಂಗಪಟ್ಟಣದಲ್ಲಿ ಸಿಗುವ ಉತ್ತರ ಕಡಮೆ, ಯಾಕೆಂದರೆ ಸೆರೆಯಲ್ಲಿದ್ದವರು ಬರೆದಿಟ್ಟದ್ದು ಕಡಮೆ. ಇದೇ ಕಥೆ 15 ವರ್ಷದ ಬದಲು ಇನ್ನೂರಕ್ಕೂ ಹೆಚ್ಚು ವರ್ಷ ನಡೆದ ಜಾಗವೊಂದಿದೆ. ಅದು ಜಪಾನಿನ ನಾಗಸಾಕಿ ಸೀಮೆ. ಅಲ್ಲಿ ಗುಟ್ಟಾಗಿ ಬಾಳಿದ ಕ್ಯಾಥೋಲಿಕರ ಬದುಕಿನ ವಿವರಗಳು ಧಾರಾಳವಾಗಿ ಸಿಗುತ್ತವೆ. ಅವನ್ನು ಓದುತ್ತ ಹೋದಂತೆ ನಮ್ಮ ಕಾವೇರಿ ತೀರದ ಆ ಬಂದಿಗಳ ಬಗ್ಗೆ ದುಬುವಾ ಕೊಟ್ಟ ತೀರ್ಪು ಎಷ್ಟು ಅವಸರದ್ದು ಎಂಬುದು ತಿಳಿಯುತ್ತದೆ.

ಜಪಾನಿಗೆ ಕ್ಯಾಥೋಲಿಕ್ ಧರ್ಮ ಹೋದದ್ದು ನಮ್ಮ ಪಕ್ಕದ ಗೋವೆಯಿಂದ. ಕಾಗೊಶಿಮದ ಅಂಜಿರೊ ಎಂಬಾತ ಕೊಲೆಯೊಂದರಲ್ಲಿ ಸಿಕ್ಕಿ ಊರು ಬಿಟ್ಟು ಓಡಿ, ಮಲಾಕದಲ್ಲಿ ಫ್ರಾನ್ಸಿಸ್ ಝೇವಿಯರರನ್ನು ಕಂಡ. 1548ರಲ್ಲಿ ಗೋವೆಯಲ್ಲಿ ಅವನಿಗೆ ದೀಕ್ಷಾಸ್ನಾನವಾಯಿತು. ಅವನನ್ನೇ ದುಭಾಷಿಯಾಗಿ ಕರೆದುಕೊಂಡು ಝೇವಿಯರ್ 1549ರ ಆಗಸ್ಟ್ 15ರಂದು ಕಾಗೊಶಿಮದಲ್ಲಿ ಇಳಿದರು. ಮೂವತ್ತು ನಲವತ್ತು ವರ್ಷಗಳಲ್ಲಿ ದಕ್ಷಿಣ ಜಪಾನಿನ ಕೆಲವು ಪಾಳೇಗಾರರೇ ಕ್ರೈಸ್ತರಾದರು. ಅಲ್ಲಿಂದ ರೋಮಿಗೆ ಹೋಗಿಬಂದ ನಾಲ್ಕು ಹುಡುಗರಲ್ಲಿ ಒಬ್ಬನಾದ ಹಾರಾ ಮಾರ್ತಿನ್ಹೊ 1587ರಲ್ಲಿ ಗೋವೆಯಲ್ಲಿ ಲ್ಯಾಟಿನ್ ಭಾಷಣ ಮಾಡಿದ. ಮರುವರ್ಷ ಅದು ಅಲ್ಲೇ ಅಚ್ಚಾಯಿತು. ಆ ಹುಡುಗರ ಜೊತೆಗೇ ಒಂದು ಅಚ್ಚುಯಂತ್ರ ಗೋವೆಯ ಮೂಲಕ ಜಪಾನಿಗೆ ಹೋಯಿತು. ಹದಿನೇಳನೆಯ ಶತಮಾನದ ಆರಂಭಕ್ಕೆ ಜಪಾನಿನ ಕ್ರೈಸ್ತರ ಸಂಖ್ಯೆ ಸುಮಾರು 3 ಲಕ್ಷ ಮುಟ್ಟಿತ್ತು ಎಂಬುದು ಚರಿತ್ರಕಾರರ ಅಂದಾಜು.

ಆಮೇಲೆ ಗಾಳಿ ತಿರುಗಿತು. 1587ರಲ್ಲಿ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೋಶಿ ಪಾದ್ರಿಗಳು ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದ. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಜಾಕ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ಒಬ್ಬ ಮುಂಬಯಿಯ ಹತ್ತಿರದ ವಸಯಿಯವನು. ಗೊನ್ಸಾಲೊ ಗಾರ್ಸಿಯಾ ಎಂದು ಹೆಸರು. ತಂದೆ ಪೋರ್ಚುಗೀಸ, ತಾಯಿ ಕೊಂಕಣದ ಹೆಣ್ಣುಮಗಳು. 1614ರಲ್ಲಿ ತೊಕುಗಾವ ಸರ್ಕಾರ ದೇಶದಾದ್ಯಂತ ಕ್ರೈಸ್ತಧರ್ಮವನ್ನು ನಿಷೇಧಿಸಿತು. 1637ರಲ್ಲಿ ಶಿಮಬಾರ ಮತ್ತು ಅಮಾಕುಸದ ರೈತರು ತೆರಿಗೆಯ ಹೊರೆ ತಾಳಲಾರದೆ ದಂಗೆಯೆದ್ದರು. ಅವರಲ್ಲಿ ಕ್ರೈಸ್ತರೇ ಹೆಚ್ಚು. ದಂಗೆಯನ್ನು ಅಡಗಿಸಿ ಅವರನ್ನು ಹರಾ ಕೋಟೆಯಲ್ಲಿ ಕೊಂದುಹಾಕಿದರು. ಪೋರ್ಚುಗೀಸರಿಗೆ 1639ರಲ್ಲಿ ಬಾಗಿಲು ಮುಚ್ಚಿತು. ಅಡಗಿಕೊಂಡು ಓಡಾಡುತ್ತಿದ್ದ ಕೊನೆಯ ಪಾದ್ರಿ, ಯೇಸುಸಭೆಯ ಕೊನಿಶಿ ಮಾನ್ಶೊ, 1644ರಲ್ಲಿ ಕೊಲೆಯಾದರು. ಇದಾದ ಐದು ವರ್ಷಕ್ಕೆ, 1649ರಲ್ಲಿ, ಅದೇ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಪಾದ್ರಿ ಕಂಠೀರವ ನರಸರಾಜ ಒಡೆಯರ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನನ್ನು ಶುರುಮಾಡಿದರು, ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಅಲ್ಲಿ ಕದ ಹಾಕಿದ ಹೊತ್ತಿನಲ್ಲೇ ಇಲ್ಲಿ ಕದ ತೆರೆದಿತ್ತು.

ಜಪಾನಿನ ಸರ್ಕಾರ ಕ್ರೈಸ್ತರನ್ನು ಹುಡುಕಲು ಹೂಡಿದ ಉಪಾಯಗಳಲ್ಲಿ ಎಲ್ಲಕ್ಕಿಂತ ಕ್ರೂರವಾದದ್ದು ತುಳಿಸುವುದು. ಯೇಸುವಿನದೋ ಮರಿಯಮ್ಮನದೋ ಉಬ್ಬುಚಿತ್ರವನ್ನು ನೆಲದ ಮೇಲಿಟ್ಟು ಊರವರೆಲ್ಲ ಒಬ್ಬೊಬ್ಬರಾಗಿ ಬರಿಗಾಲಲ್ಲಿ ಅದನ್ನು ಮೆಟ್ಟಿ ದಾಟಬೇಕು. ಮೆಟ್ಟಲು ಹಿಂಜರಿದವನು ಸಿಕ್ಕಿಬಿದ್ದ. ನಾಗಸಾಕಿಯಲ್ಲಿ ಇದು ಪ್ರತಿವರ್ಷ ಹೊಸವರ್ಷದ ಮೊದಲ ದಿನಗಳಲ್ಲಿ ನಡೆಯುತ್ತಿತ್ತು. ಹಾಸಿಗೆ ಹಿಡಿದವರ ಬಳಿಗೆ ಫಲಕವನ್ನೇ ಹೊತ್ತು ತಂದು ಕಾಲಿಗೆ ತಾಗಿಸುತ್ತಿದ್ದರು, ಕೈಗೂಸಿನ ಪಾದವನ್ನೂ ಅದರ ಮೇಲೆ ಊರಿಸುತ್ತಿದ್ದರು. ಮೊದಮೊದಲು ಮರದ ಹಲಗೆಯಲ್ಲಿ ಕೂರಿಸಿದ ಚಿತ್ರಗಳಿದ್ದವು, ಸವೆದುಹೋದವು. 1669ರಲ್ಲಿ ಹಾಗಿವಾರ ಯೂಸ ಎಂಬ ಕಸುಬುದಾರನಿಂದ ಹಿತ್ತಾಳೆಯ 20 ಫಲಕಗಳನ್ನು ಎರಕ ಹುಯ್ಯಿಸಿದರು. ಅವುಗಳಲ್ಲಿ 19 ಈಗಲೂ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ಆ ಫಲಕಗಳ ಚಿತ್ರಗಳನ್ನು ನೋಡಬೇಕು. ಮಗುವನ್ನೆತ್ತಿಕೊಂಡ ತಾಯಿಯ ಮುಖದಲ್ಲಿ ಕಣ್ಣು ಮೂಗು ಬಾಯಿ ಅಳಿಸಿ ನುಣುಪಾಗಿದೆ. ಎಷ್ಟು ಸಾವಿರ ಪಾದಗಳು ದಾಟಿದವೋ! ಆ ಪಾದಗಳಲ್ಲಿ ಎಷ್ಟೋ ಪಾದಗಳು ಆ ತಾಯಿಯನ್ನು ನಂಬಿದವರವೇ.

ಅವರು ತುಳಿದರು. ಮನೆಗೆ ಬಂದರು. ಬಾಗಿಲು ಹಾಕಿಕೊಂಡು ಪಶ್ಚಾತ್ತಾಪದ ಜಪ ಹೇಳಿದರು. ಪಾದ್ರಿಗಳಿದ್ದ ಕಾಲದಲ್ಲೇ, 1603ರಲ್ಲಿ, ಒಂದು ಕಿರುಹೊತ್ತಗೆ ಜಪಾನಿ ಭಾಷೆಯಲ್ಲಿ ತಯಾರಾಗಿತ್ತು. ಪಾಪನಿವೇದನೆ ಕೇಳಲು ಗುರುಗಳೇ ಇಲ್ಲದಿದ್ದಾಗ ಮನಸಾರೆ ಪಶ್ಚಾತ್ತಾಪಪಟ್ಟು ದೇವರಿಂದ ಕ್ಷಮೆ ಪಡೆಯುವುದು ಹೇಗೆಂದು ಅದು ಹೇಳಿಕೊಡುತ್ತದೆ. ಕೈಬರಹದಲ್ಲಿ, ಬಾಯಿಪಾಠದಲ್ಲಿ ಅದು ತಲೆಮಾರುಗಳನ್ನು ದಾಟಿತು. ವರ್ಷಕ್ಕೊಮ್ಮೆ ಹೊರಗೆ ತುಳಿಯುವುದು, ವರ್ಷವಿಡೀ ಒಳಗೆ ಬೇಡಿಕೊಳ್ಳುವುದು. ಕಾಲಿಗೂ ನಾಲಿಗೆಗೂ ನಡುವೆ ಇಷ್ಟು ದೂರ ಇಟ್ಟುಕೊಂಡು ಬದುಕುವುದು ಸಣ್ಣ ಮಾತಲ್ಲ. ಹುತಾತ್ಮನಿಗೆ ಒಂದು ದಿನದ ಧೈರ್ಯ ಸಾಕು. ಇವರಿಗೆ ಪ್ರತಿವರ್ಷ ಬೇಕಾಗುತ್ತಿತ್ತು, ಜೊತೆಗೆ ನಾಚಿಕೆಯನ್ನೂ ಹೊರಬೇಕಾಗಿತ್ತು.

ಪ್ರತಿಯೊಂದು ಕುಟುಂಬವೂ ಯಾವುದಾದರೊಂದು ಬೌದ್ಧ ದೇವಾಲಯದ ಲೆಕ್ಕದಲ್ಲಿ ಹೆಸರು ಬರೆಸಿರಬೇಕು. ಐದೈದು ಮನೆಗಳಿಗೆ ಒಂದು ಗುಂಪು ಮಾಡಿದ್ದರು. ಒಬ್ಬ ಸಿಕ್ಕಿಬಿದ್ದರೆ ಐದೂ ಮನೆಗೆ ಶಿಕ್ಷೆ. ಸಾವಾದರೆ ಬೌದ್ಧ ಭಿಕ್ಷುವೇ ಬಂದು ಸೂತ್ರ ಪಠಿಸಬೇಕು. ಗುಟ್ಟಿನ ಕ್ರೈಸ್ತರು ಅದಕ್ಕೆ ಅಡ್ಡಿ ಹೇಳಲಿಲ್ಲ. ಭಿಕ್ಷು ಪಡಸಾಲೆಯಲ್ಲಿ ಪಠಿಸುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಹಿರಿಯನೊಬ್ಬ ಕೂತು ಆ ಸೂತ್ರದ ಪರಿಣಾಮವನ್ನು ಕಳೆಯುವ ಜಪವನ್ನು ಮೆಲ್ಲಗೆ ಹೇಳುತ್ತಿದ್ದ. ಪೂಜೆಗೆ ಚೀನಾದಿಂದ ಬಂದ ಬಿಳಿ ಪಿಂಗಾಣಿಯ ಕಾನೊನ್ ವಿಗ್ರಹ. ಕರುಣೆಯ ಬೋಧಿಸತ್ತ್ವ, ಕೈಯಲ್ಲಿ ಮಗು. ಅಧಿಕಾರಿ ಬಂದು ನೋಡಿದರೆ ಅದು ಕಾನೊನ್, ಮನೆಯವರಿಗೆ ಮರಿಯಮ್ಮ. ಇಕಿತ್ಸುಕಿ ದ್ವೀಪದಲ್ಲಿ ಉಗ್ರಾಣದ ಮೂಲೆಯಲ್ಲಿ ಸುರುಳಿ ಸುತ್ತಿಟ್ಟ ಪಟಗಳೇ ದೇವರು. ರೊಟ್ಟಿಗೂ ದ್ರಾಕ್ಷಾರಸಕ್ಕೂ ಬದಲಾಗಿ ಅನ್ನ, ಅಕ್ಕಿಮದ್ಯ. ದೀಕ್ಷಾಸ್ನಾನಕ್ಕೆ ನೀರು ತರುತ್ತಿದ್ದದ್ದು 1620ರ ದಶಕದಲ್ಲಿ ತಮ್ಮವರನ್ನು ಕಡಿದುಹಾಕಿದ ನಕಾಎನೊಶಿಮ ಎಂಬ ಪುಟ್ಟ ಬಂಡೆದ್ವೀಪದಿಂದ.

ಊರೂರಿನಲ್ಲೂ ಹೊಣೆ ಹಂಚಿಕೊಂಡಿದ್ದರು. ಮಗುವಿನ ತಲೆಗೆ ನೀರು ಹುಯ್ಯುವವನು ಒಬ್ಬ, ಸುದ್ದಿ ಮುಟ್ಟಿಸುವವನು ಒಬ್ಬ, ತಿಥಿ ವಾರ ನೋಡಿ ಹಬ್ಬ ಹೇಳುವವನು ಒಬ್ಬ. ಈ ಕೊನೆಯವನ ಕೆಲಸವೇ ಎಲ್ಲಕ್ಕಿಂತ ಮುಖ್ಯ ಎಂದು ನನಗನಿಸುತ್ತದೆ. ಅವನ ಹತ್ತಿರ 1634ರ ಹಬ್ಬಗಳನ್ನು ಜಪಾನಿನ ಚಾಂದ್ರಮಾನಕ್ಕೆ ಹೊಂದಿಸಿದ ಒಂದು ಪಂಚಾಂಗವಿತ್ತು. ಬಾಸ್ಟಿಯನ್ ಎಂಬ ಉಪದೇಶಿ ಅದನ್ನು ಬಿಟ್ಟುಹೋದನೆಂದು ಅವರ ನಂಬಿಕೆ. ಏಳು ತಲೆಮಾರು ಕಳೆದ ಮೇಲೆ ಕರಿಯ ಹಡಗಿನಲ್ಲಿ ಪಾಪನಿವೇದನೆ ಕೇಳುವ ಗುರುಗಳು ಬರುತ್ತಾರೆ, ಆಗ ಬೀದಿಯಲ್ಲಿ ಗಟ್ಟಿಯಾಗಿ ಹಾಡಿಕೊಂಡು ನಡೆಯಬಹುದು ಎಂದೂ ಅವನು ಹೇಳಿ ಸತ್ತನಂತೆ. ಕ್ರಿಸ್ತಜಯಂತಿ ಯಾವತ್ತು, ತಪಸ್ಸುಕಾಲ ಯಾವಾಗ ಶುರು, ಯಾವ ದಿನ ಹೊಲಿಗೆ ಹಾಕಬಾರದು, ಯಾವ ದಿನ ಹೊಲಕ್ಕೆ ಗೊಬ್ಬರ ಹೊರಬಾರದು ಎಂದು ಪ್ರತಿವರ್ಷ ಲೆಕ್ಕ ಹಾಕಿ ಮನೆಮನೆಗೆ ಹೇಳಿಕಳಿಸುತ್ತಿದ್ದರು. ಗುಡಿಯನ್ನು ಕೆಡವಬಹುದು, ಪುಸ್ತಕ ಸುಡಬಹುದು; ಇಂಥ ದಿನ ಇಂಥದ್ದು ಮಾಡಬಾರದು ಎಂಬ ಮನೆಯ ಕಟ್ಟಳೆಯನ್ನು ಕಿತ್ತುಕೊಳ್ಳುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಪಾಂಡವಪುರ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ನರಕ ಚತುರ್ದಶಿಯ ಹಬ್ಬವಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮ ಪೂರ್ವಿಕರು ಆ ದಿನ ಹತರಾದರು ಎಂಬುದು ಆ ಮನೆತನಗಳ ನೆನಪು. ಆ ಘಟನೆಯ ವಿವರಗಳ ಬಗ್ಗೆ ಚರಿತ್ರಕಾರರು ವಾದಿಸುತ್ತಿರಲಿ. ಇನ್ನೂರು ವರ್ಷಕ್ಕೂ ಮೇಲ್ಪಟ್ಟು ದೀಪ ಹಚ್ಚದೆ ಬಿಟ್ಟ ಆ ದಿನ ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಉಳಿದುಕೊಂಡು ಬಂದಿದೆ.

ಈಗ 1865ಕ್ಕೆ ಬರೋಣ. ಜಪಾನ್ ವಿದೇಶಿಯರಿಗೆ ಮತ್ತೆ ಬಂದರುಗಳನ್ನು ತೆರೆದಿತ್ತು. ತುಳಿಸುವ ಪದ್ಧತಿ ನಿಂತು ಏಳೆಂಟು ವರ್ಷವಾಗಿತ್ತು. ನಾಗಸಾಕಿಯ ಔರಾದಲ್ಲಿ ವಿದೇಶಿಯರ ಉಪಯೋಗಕ್ಕೆಂದು ಒಂದು ಚರ್ಚು ಎದ್ದಿತ್ತು, ಮೂರು ವರ್ಷದ ಹಿಂದೆ ಸಂತರೆಂದು ಘೋಷಿತರಾಗಿದ್ದ ಆ 26 ಹುತಾತ್ಮರ ಹೆಸರಿನಲ್ಲಿ. ಜಪಾನೀಯರಿಗೆ ಮಾತ್ರ ಕ್ರೈಸ್ತಧರ್ಮ ಇನ್ನೂ ನಿಷಿದ್ಧ. ಮಾರ್ಚ್ 17, ಶುಕ್ರವಾರ, ಮಧ್ಯಾಹ್ನದ ಹೊತ್ತು. ಬಾಗಿಲ ಬಳಿ ಹದಿನೈದರಷ್ಟು ಜನ ನಿಂತಿದ್ದರು. ಫ್ರೆಂಚ್ ಪಾದ್ರಿ ಬರ್ನಾರ್ಡ್ ಪೆತಿಜಾನ್ ಬಾಗಿಲು ತೆಗೆದು, ಒಳಗೆ ಹೋಗಿ ಪೀಠದ ಮುಂದೆ ಮೊಣಕಾಲೂರಿ ಪ್ರಾರ್ಥನೆಗೆ ಕುಳಿತರು. ಐವತ್ತು ಅರವತ್ತರ ವಯಸ್ಸಿನ ಮೂವರು ಹೆಂಗಸರು ಅವರ ಪಕ್ಕಕ್ಕೆ ಬಂದು ಮಂಡಿಯೂರಿದರು. ಒಬ್ಬಾಕೆ ಎದೆಯ ಮೇಲೆ ಕೈಯಿಟ್ಟು, ಗೋಡೆಗೂ ಕೇಳಿಸಬಾರದೆಂಬಂತೆ ಪಿಸುದನಿಯಲ್ಲಿ, ನಿಮ್ಮ ಮನಸ್ಸೂ ನಮ್ಮ ಮನಸ್ಸೂ ಒಂದೇ ಎಂದರು. ಮರಿಯಮ್ಮನ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಅವರು ಉರಕಾಮಿ ಹಳ್ಳಿಯವರು. ಪೆತಿಜಾನ್ ತೋರಿಸಿದರು. ತಾಯಿಯ ಕೈಯಲ್ಲಿದ್ದ ಮಗುವನ್ನು ಕಂಡು ಅವರಿಗೆ ತಮ್ಮವರೇ ಎಂಬ ನಂಬಿಕೆ ಬಂತು. ಮಾತು ಬೆಳೆಯಿತು. ನಾವೀಗ ದುಃಖದ ಕಾಲದ ಹದಿನೇಳನೆಯ ದಿನದಲ್ಲಿದ್ದೇವೆ, ನೀವೂ ಆಚರಿಸುತ್ತೀರಲ್ಲ ಎಂದು ಅವರು ವಿಚಾರಿಸಿದರು.

ಪೆತಿಜಾನ್ ಬೆರಗಾದರು. ಆ ವರ್ಷ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಬಂದದ್ದು ಮಾರ್ಚ್ 1ಕ್ಕೆ. ಅಂದು ತಪಸ್ಸುಕಾಲದ ಹದಿನೇಳನೆಯ ದಿನವೇ! ಪಾದ್ರಿಯ ಮುಖವನ್ನೇ ಕಾಣದ ರೈತಾಪಿ ಜನ, ಹಬ್ಬಗಳ ಎಣಿಕೆಯಲ್ಲಿ ರೋಮಿಗೆ ಸರಿಯಾಗಿ ಒಂದು ದಿನವೂ ತಪ್ಪದೆ ಬಂದಿದ್ದರು.

ಈ ಪೆತಿಜಾನ್ ಯಾರು? ಪ್ಯಾರಿಸ್ ಫಾರಿನ್ ಮಿಷನ್ ಸೊಸೈಟಿಯ ಗುರು. ನಮ್ಮ ಕಡೆಯ ಹಳೆಯ ಕ್ಯಾಥೋಲಿಕರು ಎಂ.ಇ.ಪಿ. ಗುರುಗಳು ಎಂದು ಗುರುತಿಸುವುದು ಇವರನ್ನೇ. ಯೇಸುಸಭೆಯನ್ನು 1773ರಲ್ಲಿ ರೋಮ್ ರದ್ದುಮಾಡಿದ ಮೇಲೆ ಮೈಸೂರು ಮಿಷನ್ ಇವರ ಕೈಗೆ ಬಂತು. ದುಬುವಾ ಸ್ವಾಮಿಗಳೂ ಇದೇ ಸಂಸ್ಥೆಯವರು. 1823ರಲ್ಲಿ ಭಾರತ ಬಿಟ್ಟು ಪ್ಯಾರಿಸ್ಸಿಗೆ ಮರಳಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿದ್ದರು. 1844ರಲ್ಲಿ ಆ ಸಂಸ್ಥೆಯ ಫೊರ್ಕಾದ್ ಎಂಬ ಪಾದ್ರಿ ಜಪಾನಿನ ಬಾಗಿಲು ತಟ್ಟಲೆಂದು ಒಕಿನಾವದಲ್ಲಿ ಇಳಿದಾಗ ದುಬುವಾ ಇನ್ನೂ ಬದುಕಿದ್ದರು. ಅವರು ತೀರಿಕೊಂಡದ್ದು 1848ರಲ್ಲಿ, ಔರಾದ ಆ ಶುಕ್ರವಾರಕ್ಕೆ 17 ವರ್ಷ ಮೊದಲು. ಭಾರತದಲ್ಲಿ ಕ್ರೈಸ್ತಧರ್ಮ ಬೇರೂರುವುದು ಸಾಧ್ಯವಿಲ್ಲವೆಂದು ನಂಬಿ, ಶ್ರೀರಂಗಪಟ್ಟಣದ ಬಂದಿಗಳನ್ನು ಅದಕ್ಕೆ ಉದಾಹರಣೆಯಾಗಿ ಎತ್ತಿ ತೋರಿಸಿ ಹೋದವರು ಅವರು. ನಾಗಸಾಕಿಯ ಸುದ್ದಿ ಅವರ ಕಿವಿಗೆ ಬಿದ್ದಿದ್ದರೆ ಎಂದು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಆ ಮುದುಕಿಯ ಮಾತೂ ಕಾವೇರಿಯ ದಡದಲ್ಲಿ ಅವರ ಮುಂದೆ ನಿಂತ ಎರಡು ಸಾವಿರ ಜನರ ಮಾತೂ ಹೆಚ್ಚುಕಡಮೆ ಒಂದೇ. ಪೆತಿಜಾನ್ ಅದರಲ್ಲಿ ಪವಾಡ ಕಂಡರು. ದುಬುವಾ ಅಂಜುಬುರುಕುತನ ಕಂಡರು.

ಹಾಗೆಂದು ಎರಡು ಕಥೆಗಳನ್ನೂ ಒಂದೇ ಮಾಡಿಬಿಡಬಾರದು. ಮಂಗಳೂರು ಸೀಮೆಯ ಕ್ರೈಸ್ತರನ್ನು 1784ರಲ್ಲಿ ಹಿಡಿದು ಘಟ್ಟ ಹತ್ತಿಸಿ ತಂದದ್ದು ಬೂದಿ ಬುಧವಾರದಂದು ಶುರುವಾಯಿತೆಂದು ಅವರ ಪರಂಪರೆ ಹೇಳುತ್ತದೆ. ಎಷ್ಟು ಜನ ಎಂಬುದರಲ್ಲಿ ಒಮ್ಮತವಿಲ್ಲ. 30 ಸಾವಿರದಿಂದ 80 ಸಾವಿರದವರೆಗೆ ಲೆಕ್ಕಗಳಿವೆ. ಚರ್ಚುಗಳನ್ನು ಕೆಡವಿಸಿ, ಪಾದ್ರಿಗಳನ್ನು ಗೋವೆಗೆ ಅಟ್ಟಲಾಯಿತು. ದಾರಿಯಲ್ಲಿ ಸತ್ತವರು, ಶ್ರೀರಂಗಪಟ್ಟಣದಲ್ಲಿ ಸತ್ತವರು ಸಾವಿರಾರು. ಗಟ್ಟಿಮುಟ್ಟಾದ ಹುಡುಗರನ್ನು ಸೈನ್ಯದ ದಳಗಳಿಗೆ ಹಾಕಿದರು. 1792ರ ಹೊತ್ತಿಗೆ ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಮೂಲ ಅಲ್ಲಿದೆ. ಜಪಾನಿನಲ್ಲಿ ಕಳೆದದ್ದು ಏಳು ತಲೆಮಾರು, ಇಲ್ಲಿ ಅರ್ಧ ತಲೆಮಾರು. ಅಲ್ಲಿ ಜನ ತಮ್ಮ ಹೊಲ, ತಮ್ಮ ಕಡಲು, ತಮ್ಮ ಮನೆಯಲ್ಲೇ ಉಳಿದು ಬಚ್ಚಿಟ್ಟುಕೊಂಡರು. ಇಲ್ಲಿ ಬುಡಸಹಿತ ಕಿತ್ತು ತಂದಿದ್ದರು.

ಎರಡೂ ಕಡೆ ಆಳುವವರ ಎದೆಯಲ್ಲಿದ್ದ ಭಯ ಮಾತ್ರ ಒಂದೇ ಬಗೆಯದು. 1783ರಲ್ಲಿ ಇಂಗ್ಲಿಷರು ಮಂಗಳೂರನ್ನು ಹಿಡಿದಾಗ ಅಲ್ಲಿನ ಕ್ರೈಸ್ತರು ಅವರಿಗೆ ನೆರವಾದರು ಎಂಬುದು ಟಿಪ್ಪುವಿನ ಗುಮಾನಿ. ಪಾದ್ರಿ ಮೊದಲು ಬರುತ್ತಾನೆ, ಸೈನ್ಯ ಹಿಂದೆ ಬರುತ್ತದೆ ಎಂಬುದು ಹಿದೆಯೋಶಿಯ ಮತ್ತು ತೊಕುಗಾವಗಳ ಗುಮಾನಿ. ಪೋರ್ಚುಗೀಸರು ಗೋವೆಯಲ್ಲಿ, ಸ್ಪೇನಿನವರು ಮನಿಲದಲ್ಲಿ ಮಾಡಿದ್ದನ್ನು ನೋಡಿದರೆ ಆ ಭಯವನ್ನು ಬರೀ ಭ್ರಮೆ ಎನ್ನಲಾಗದು. ಆದರೆ ಗಮನಿಸಬೇಕಾದದ್ದು ಪೆಟ್ಟು ಬಿದ್ದದ್ದು ಯಾರ ಮೇಲೆ ಎಂಬುದನ್ನು. ಪಾಂಡವಪುರಕ್ಕೆ ಹಿರೋಡೆ ಎಂಬ ಹಳೆಯ ಹೆಸರಿನ ಜೊತೆಗೆ ಫ್ರೆಂಚ್ ರಾಕ್ಸ್ ಎಂಬ ಇನ್ನೊಂದು ಹೆಸರಿತ್ತು. ಹೈದರ್ ಮತ್ತು ಟಿಪ್ಪು ಸೈನ್ಯದಲ್ಲಿದ್ದ ಫ್ರೆಂಚ್ ದಳ ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದದ್ದು. ಅಂದರೆ ಮಂಗಳೂರಿನ ಕ್ರೈಸ್ತ ಮನೆಗಳ ಹುಡುಗರು ಶ್ರೀರಂಗಪಟ್ಟಣದಲ್ಲಿ ಹೆಸರು ಬದಲಿಸಿಕೊಂಡು ಕವಾಯತು ಮಾಡುತ್ತಿದ್ದ ಕಾಲದಲ್ಲೇ, ನದಿಯಾಚೆ ಕೆಲವೇ ಮೈಲಿ ದೂರದಲ್ಲಿ, ಯುರೋಪಿನ ಸಿಪಾಯಿಗಳು ದೊರೆಯ ಸಂಬಳ ತಿಂದುಕೊಂಡು ನೆಮ್ಮದಿಯಾಗಿದ್ದರು. ನಾಗಸಾಕಿಯಲ್ಲೂ ಹಾಗೆಯೇ. ದೆಜಿಮ ಎಂಬ ಕೃತಕ ದ್ವೀಪದಲ್ಲಿ ಡಚ್ಚರು ಇನ್ನೂರು ವರ್ಷ ವ್ಯಾಪಾರ ಮಾಡಿದರು. ಉಪಯೋಗಕ್ಕೆ ಬರುವ ಪರದೇಶಿಗೆ ಎಡೆಯಿತ್ತು. ಪರದೇಶಿಯ ದೇವರನ್ನು ನಂಬಿದ ಸ್ವಂತ ಪ್ರಜೆಗೆ ಇರಲಿಲ್ಲ. ಇದೇ ಟಿಪ್ಪು 1791ರಲ್ಲಿ ಮರಾಠರ ಕಡೆಯವರು ಶೃಂಗೇರಿಯನ್ನು ದೋಚಿದಾಗ ಮಠಕ್ಕೆ ನೆರವು ಕಳಿಸಿದವನು ಎಂಬುದನ್ನೂ ಮರೆಯಬಾರದು. ರಾಜಕಾರಣದ ಲೆಕ್ಕ ಇಲ್ಲಿ ಧರ್ಮದ ಲೆಕ್ಕಕ್ಕಿಂತ ದೊಡ್ಡದಿತ್ತು. ಹಾಗಿದ್ದರೂ ಅನುಭವಿಸಿದವರ ನೋವು ಅದರಿಂದ ಕಡಮೆಯಾಗುವುದಿಲ್ಲ.

ಔರಾದ ಭೇಟಿಯಿಂದ ಉರಕಾಮಿಯವರಿಗೆ ಒಳ್ಳೆಯದಾಗುವ ಮೊದಲು ಕೆಟ್ಟದ್ದೇ ಆಯಿತು. ಏಳು ತಲೆಮಾರು ಕಾದ ಗುರುಗಳು ಬಂದರಲ್ಲ ಎಂದು ಅವರು ಧೈರ್ಯಮಾಡಿ ಬೌದ್ಧ ವಿಧಿಯ ಶವಸಂಸ್ಕಾರ ಬೇಡವೆಂದುಬಿಟ್ಟರು. 1867ರಿಂದ ಬಂಧನ ಶುರುವಾಯಿತು. ಮೇಜಿ ಸರ್ಕಾರ ಬಂದ ಮೇಲೆ 3,394 ಜನರನ್ನು, ಅಂದರೆ ಹೆಚ್ಚುಕಡಮೆ ಇಡೀ ಹಳ್ಳಿಯನ್ನೇ, ಬೇರೆ ಬೇರೆ ಪ್ರಾಂತಗಳಿಗೆ ಗಡೀಪಾರು ಮಾಡಿದರು. ತ್ಸುವಾನೊದಲ್ಲಿ ನೇರವಾಗಿ ನಿಲ್ಲಲಾಗದ ಮೂರಡಿ ಪಂಜರದೊಳಗೆ ಕೂರಿಸಿ ಹಿಂಸೆ ಕೊಟ್ಟರು. ಆರುನೂರಕ್ಕೂ ಹೆಚ್ಚು ಜನ ಮರಳಿ ಬರಲಿಲ್ಲ. ಪಶ್ಚಿಮದ ದೇಶಗಳು ಆಕ್ಷೇಪ ಎತ್ತಿದ ಮೇಲೆ 1873ರ ಫೆಬ್ರವರಿ 24ರಂದು ನಿಷೇಧದ ಫಲಕಗಳನ್ನು ತೆಗೆದರು. ಬದುಕುಳಿದವರು ಪಾಳುಬಿದ್ದ ಹೊಲಗಳಿಗೆ ಮರಳಿದರು. ಬಡತನದಲ್ಲೇ ದುಡ್ಡು ಕೂಡಿಸಿ ಅವರು ಚರ್ಚಿಗಾಗಿ ಕೊಂಡ ಜಾಗ ಯಾವುದು ಗೊತ್ತೇ? ಊರ ಪಟೇಲನ ಮನೆಯಿದ್ದ ನಿವೇಶನ. ವರ್ಷವರ್ಷವೂ ಅವರ ಅಪ್ಪ ಅಜ್ಜಂದಿರಿಂದ ಯೇಸುವಿನ ಮುಖ ತುಳಿಸುತ್ತಿದ್ದ ಜಾಗ. ಅಲ್ಲಿ 1914ರಲ್ಲಿ ಪೂರ್ವ ಏಷ್ಯಾದಲ್ಲೇ ದೊಡ್ಡದೆನಿಸಿದ ಇಟ್ಟಿಗೆಯ ಚರ್ಚು ಎದ್ದು ನಿಂತಿತು. 1945ರ ಆಗಸ್ಟ್ 9ರಂದು ಅಣುಬಾಂಬು ಸಿಡಿದದ್ದು ಅದರಿಂದ ಸುಮಾರು 500 ಮೀಟರ್ ದೂರದಲ್ಲಿ. ಅಲ್ಲಿನ 12 ಸಾವಿರ ಕ್ಯಾಥೋಲಿಕರಲ್ಲಿ 8,500ರಷ್ಟು ಜನ ಸತ್ತರು. ಕ್ರೈಸ್ತರೆಂದು ಹೆಮ್ಮೆಪಡುವ ದೇಶವೊಂದು ಹಾಕಿದ ಬಾಂಬು ಅದು. 1959ರಲ್ಲಿ ಉಳಿದವರು ಅದೇ ಜಾಗದಲ್ಲಿ ಮತ್ತೆ ಕಟ್ಟಿದರು.

ಗುಟ್ಟಿನ ಕ್ರೈಸ್ತರೆಲ್ಲರೂ ರೋಮಿನ ಧರ್ಮಸಭೆಗೆ ಮರಳಲಿಲ್ಲ ಎಂಬುದನ್ನು ಬಹಳ ಜನ ಬರೆಯುವುದಿಲ್ಲ. ಇಕಿತ್ಸುಕಿ, ಗೊತೊ, ಸೊತೊಮೆಯ ಅನೇಕ ಮನೆಗಳು ಹಾಗೆಯೇ ಉಳಿದವು. ಹೊಸ ಪಾದ್ರಿಗಳು ಅವರ ಜಪದಲ್ಲಿ ತಪ್ಪು ಹುಡುಕಿದರು, ಕಾನೊನ್ ಬೇಡವೆಂದರು, ನಿಮ್ಮ ದೀಕ್ಷಾಸ್ನಾನ ಸರಿಯಿಲ್ಲ ಮತ್ತೆ ಆಗಬೇಕು ಎಂದರು. ಹಾಗಾದರೆ ಇಲ್ಲಿಯವರೆಗೆ ಸತ್ತ ನಮ್ಮ ಹಿರಿಯರ ಗತಿಯೇನು ಎಂದು ಈ ಜನ ಕೇಳಿದರು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆಯಿಡುವ ನಾಗಮಂಗಲದ, ಕೆ.ಆರ್. ಪೇಟೆಯ ಮನೆಯವರಿಗೆ ಈ ಸಂಕಟ ತಟ್ಟನೆ ಅರ್ಥವಾಗುತ್ತದೆ. ಇಟ್ಟುಕೊಂಡು ಬಂದದ್ದನ್ನು ಬಿಟ್ಟರೆ ಇಟ್ಟುಕೊಂಡವರನ್ನೇ ಬಿಟ್ಟ ಹಾಗೆ. ಅವರು ಬಿಡಲಿಲ್ಲ. ಈಗ ದ್ವೀಪದ ಮಕ್ಕಳು ಕೆಲಸ ಹುಡುಕಿ ಪಟ್ಟಣ ಸೇರುತ್ತಿದ್ದಾರೆ, ಒಂದೊಂದೇ ಗುಂಪು ಜಪ ನಿಲ್ಲಿಸುತ್ತಿದೆ. ಜಪಾನಿನ ಒಟ್ಟು ಜನಸಂಖ್ಯೆಯಲ್ಲಿ ಕ್ಯಾಥೋಲಿಕರು ಅರ್ಧ ಶೇಕಡಾಕ್ಕೂ ಕಡಮೆ.

ಧರ್ಮಸಭೆ ಹುತಾತ್ಮರನ್ನು ಮರೆತಿಲ್ಲ. 1862ರಲ್ಲಿ 26 ಮಂದಿಗೆ ಸಂತಪದವಿ, 2008ರಲ್ಲಿ ನಾಗಸಾಕಿಯಲ್ಲೇ 188 ಮಂದಿಗೆ ಧನ್ಯರೆಂಬ ಗೌರವ. ತುಳಿದು ಬದುಕಿದವರ ಕಡೆ ಜಗತ್ತು ಕಣ್ಣು ಹಾಯಿಸಲು ಹೆಚ್ಚು ಸಮಯ ಹಿಡಿಯಿತು. ಸ್ವತಃ ಕ್ಯಾಥೋಲಿಕನಾಗಿದ್ದ ಕಾದಂಬರಿಕಾರ ಎಂದೊ ಶುಸಾಕು 1966ರಲ್ಲಿ, ಚಿತ್ರಪಟವನ್ನು ತುಳಿಯುವ ಪಾದ್ರಿಯೊಬ್ಬನನ್ನೇ ನಡುವಿಟ್ಟು ‘ಮೌನ’ ಬರೆದಾಗ ನಾಗಸಾಕಿಯ ಎಷ್ಟೋ ಕ್ಯಾಥೋಲಿಕರಿಗೆ ಸಿಟ್ಟು ಬಂತು. 2018ರಲ್ಲಿ ಯುನೆಸ್ಕೊ ಆ ಸೀಮೆಯ 12 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಔರಾ ಚರ್ಚು, ಹರಾ ಕೋಟೆಯ ಅವಶೇಷ, ಆ ಬಂಡೆದ್ವೀಪ ಬಿಟ್ಟರೆ ಉಳಿದವು ಹೆಚ್ಚಾಗಿ ಹಳ್ಳಿಗಳು, ಮೆಟ್ಟಿಲುಗದ್ದೆಗಳು, ಜನ ಬಚ್ಚಿಟ್ಟುಕೊಂಡು ಬದುಕಿದ ಜಾಗಗಳು.

ಶ್ರೀರಂಗಪಟ್ಟಣಕ್ಕೆ ಶಾಲೆಯ ಮಕ್ಕಳು ಬಸ್ಸುಗಳಲ್ಲಿ ಬಂದಿಳಿದಾಗ ಬೇಯ್ಲಿಯ ಸೆರೆಮನೆಗೆ ಕರೆದುಕೊಂಡು ಹೋಗಿ ಇಂಗ್ಲಿಷ್ ಅಧಿಕಾರಿಗಳ ಬಂಧನದ ಕಥೆ ಹೇಳುತ್ತಾರೆ. ಅದೇ ಊರಿನಲ್ಲಿ 15 ವರ್ಷ ಬಂದಿಗಳಾಗಿ, ಬೇರೆ ಹೆಸರು ಹೊತ್ತು, ಮತ್ತೆ ತಮ್ಮ ಹೆಸರಿಗೆ ಮರಳಿದ ಕುಟುಂಬಗಳ ಕಥೆಯನ್ನೂ ಆ ಮಕ್ಕಳಿಗೆ ಹೇಳಬೇಕು. ಟಿಪ್ಪುವನ್ನು ಹೊಗಳುವವರ ಕೈಗೂ ಬೈಯುವವರ ಕೈಗೂ ಆಯುಧವಾಗಿ ಕೊಡದೆ, ಆ ಜನರ ಕಥೆಯಾಗಿಯೇ ಹೇಳಬೇಕು. ಗಂಜಾಮಿನ ಆ ಚರ್ಚು ಅದಕ್ಕೆ ಸರಿಯಾದ ಜಾಗ. ಮೈಸೂರು ಧರ್ಮಪ್ರಾಂತ್ಯದವರು, ಇಲ್ಲಿನ ಕಾಲೇಜುಗಳ ಇತಿಹಾಸದ ಮೇಷ್ಟರುಗಳು, ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಈ ನೆನಪನ್ನು ಇಟ್ಟುಕೊಂಡಿರುವ ಹಿರಿಯರು ಒಟ್ಟಿಗೆ ಕೂತರೆ ಈ ಕೆಲಸ ಆಗುತ್ತದೆ. ದುಬುವಾ ಸ್ವಾಮಿಗಳ ಪತ್ರಗಳ ಆ ಪುಟವನ್ನೂ ಅಲ್ಲಿ ಓದಲಿ, ಪೂರ್ತಿಯಾಗಿ, ಎರಡು ಸಾವಿರ ಜನ ಮರಳಿ ಬಂದ ಸಾಲಿನವರೆಗೆ.